ರಂಗದಿಂದ ಚೌಕಟ್ಟಿಗೆ: ವಿದ್ಯಾರ್ಥಿ ಕಿರುಚಿತ್ರದ ಒಂದು ದೃಶ್ಯ

ಕನ್ನಡ ವಿಭಾಗಗಳಲ್ಲಿ ಸಿನಿಮಾವನ್ನು ಸಾಮಾನ್ಯವಾಗಿ ಸಿದ್ಧಗೊಂಡ ಕೃತಿಯಾಗಿ ಓದಲಾಗುತ್ತದೆ. ಕಾದಂಬರಿ ಮತ್ತು ಅದರ ಚಿತ್ರರೂಪಗಳ ಹೋಲಿಕೆ, ವಸ್ತುನಿಷ್ಠೆ, ಪಾತ್ರಚಿತ್ರಣ ಇವೇ ಅಧ್ಯಯನದ ವಿಷಯಗಳು. ಇಂದು ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲಿನಲ್ಲೇ ಕ್ಯಾಮೆರಾ ಇರುವುದರಿಂದ, ಮೂರು ನಿಮಿಷದ ದೃಶ್ಯವೊಂದನ್ನು ಅವರಿಂದಲೇ ತೆಗೆಸಿ ಆ ಮೂಲಕ ಪಠ್ಯವನ್ನು ಓದಿಸುವುದು ಸಾಧ್ಯವಾಗಿದೆ. ಅಂತಹ ದೃಶ್ಯವನ್ನು ಯೋಜಿಸಿ ಚಿತ್ರೀಕರಿಸುವ ಕ್ರಮವನ್ನು ವಿವರಿಸುವುದರೊಂದಿಗೆ, ಶಾಟ್‌ಗಳ ಪಟ್ಟಿಯೂ ವಿಮರ್ಶೆಯಂತೆ ಒಂದು ಓದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಗುಬ್ಬಿಯ ನಿದರ್ಶನ

ಈ ಚರ್ಚೆಗೆ ಗುಬ್ಬಿ ಸಹಜವಾದ ನೆಲೆ. 1884ರಲ್ಲಿ ಇಲ್ಲಿ ಆರಂಭಗೊಂಡು ಮುಂದೆ ವೀರಣ್ಣನವರ ಒಡೆತನದಲ್ಲಿ ಹೆಸರಾದ ನಾಟಕ ಕಂಪನಿಯೇ ಕನ್ನಡ ಚಿತ್ರರಂಗಕ್ಕೂ ಕಲಾವಿದರನ್ನು ಒದಗಿಸಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ನಟಿಸಿದರು. ‘ಕುರುಕ್ಷೇತ್ರ’ ನಾಟಕಕ್ಕೆ ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ಪ್ರಸಿದ್ಧ. ರಂಗದಲ್ಲಿ ಪ್ರೇಕ್ಷಕನ ಆಸನ ಕದಲದು. ಆದ್ದರಿಂದ ಹಿರಿದಾಗಿ ತೋರಬೇಕಾದುದನ್ನು ಹಿರಿದಾಗಿಯೇ ತರಬೇಕು. ಸಿನಿಮಾದಲ್ಲಿ ಕದಲುವುದು ಆಸನವೇ. ಬೆರಳ ತುದಿಯೂ ತೆರೆ ತುಂಬಬಲ್ಲದು. ವಿದ್ಯಾರ್ಥಿಗಳ ಮೊದಲ ಪ್ರಯತ್ನಗಳು ಬಹುಮಟ್ಟಿಗೆ ಸೋಲುವುದು ಈ ಭೇದವನ್ನು ಮರೆತಾಗ: ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ ಸಂಭಾಷಣೆಯನ್ನು ಆಡಿಸಿದರೆ ದೊರೆಯುವುದು ನಾಟಕದ ದಾಖಲೆ ಮಾತ್ರ.

2. ದೃಶ್ಯದ ತಿರುಳು

ವಿವರಣೆಗಾಗಿ ಒಂದು ಕಲ್ಪಿತ ದೃಶ್ಯವನ್ನು ತೆಗೆದುಕೊಳ್ಳೋಣ. ಗುಬ್ಬಿ ಸೀಮೆಯ ತೋಟದ ಮನೆ. ಅಂಗಳದಲ್ಲಿ ತಂದೆ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಹೊಡೆದು ಸಿಪ್ಪೆ ಸುಲಿಯುತ್ತಿದ್ದಾನೆ. ಮಗಳು ಬಾಗಿಲಲ್ಲಿ ನಿಂತು “ಅಪ್ಪ, ಬೆಂಗಳೂರಲ್ಲಿ ಸೀಟು ಸಿಕ್ತು” ಎನ್ನುತ್ತಾಳೆ. ತಂದೆ ತಲೆಯೆತ್ತುವುದಿಲ್ಲ, ಇನ್ನೆರಡು ಕಾಯಿ ಸುಲಿದು ನಿಲ್ಲುತ್ತಾನೆ. ಕೈ ಒರೆಸಿಕೊಂಡು ಕಾಗದಕ್ಕಾಗಿ ಕೈ ಚಾಚುತ್ತಾನೆ.

ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ದೃಶ್ಯದ ಮೊದಲಿಗೂ ಕೊನೆಗೂ ನಡುವೆ ಏನು ಬದಲಾಯಿತು? ಇದನ್ನು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಚಿತ್ರೀಕರಣಕ್ಕೆ ಹೊರಡಬಾರದು. ಅನಂತರ ಚಿತ್ರಕಥೆಯಲ್ಲಿ ಕಾಣುವುದನ್ನೂ ಕೇಳುವುದನ್ನೂ ಮಾತ್ರ ಉಳಿಸಬೇಕು. ‘ತಂದೆ ಮನಸ್ಸಿನಲ್ಲೇ ನೊಂದನು’ ಎಂಬ ವಾಕ್ಯವನ್ನು ಕ್ಯಾಮೆರಾ ಹಿಡಿಯಲಾರದು. ಸುಲಿಯುವ ಸದ್ದು ನಿಂತುದನ್ನು ಹಿಡಿಯಬಲ್ಲದು.

3. ಶಾಟ್‌ಗಳ ಪಟ್ಟಿ

ಈ ದೃಶ್ಯಕ್ಕೆ ಐದು ಶಾಟ್‌ಗಳು ಸಾಕು: (ಅ) ಅಂಗಳ, ಬಾಗಿಲು, ಇಬ್ಬರೂ ಕಾಣುವ ದೂರದ ಶಾಟ್, (ಆ) ಬಾಗಿಲಲ್ಲಿ ಮಗಳು, ಸೊಂಟದಿಂದ ಮೇಲಕ್ಕೆ, (ಇ) ಸುಲಿಯುವ ಕೈಗಳ ಕ್ಲೋಸ್‌ ಅಪ್, (ಈ) ತಂದೆಯ ಮುಖ, (ಉ) ಕೊನೆಯ ಶಾಟ್.

ಈ ಕೊನೆಯದೇ ನಿರ್ಣಾಯಕ. ಚಾಚಿದ ಕೈಯನ್ನು ತೋರಿಸಿದರೆ ದೃಶ್ಯವು ತಂದೆಯ ಸಮ್ಮತಿಯಾಗುತ್ತದೆ. ಆ ಕೈಯನ್ನು ನೋಡುವ ಮಗಳ ಮುಖವನ್ನು ತೋರಿಸಿದರೆ ಅವಳ ಬಿಡುಗಡೆಯಾಗುತ್ತದೆ. ಇಬ್ಬರನ್ನೂ ದೂರದಿಂದ, ನಡುವಣ ಕಾಯಿಯ ರಾಶಿಯೊಂದಿಗೆ ತೋರಿಸಿದರೆ ಆ ಮನೆಯ ದುಡಿಮೆಯೇ ಮುನ್ನೆಲೆಗೆ ಬರುತ್ತದೆ. ಪಠ್ಯ ಒಂದೇ, ಓದು ಮೂರು. ತರಗತಿಯಲ್ಲಿ ವಾದ ನಡೆಯಬೇಕಾದುದು ಇಲ್ಲಿ. ಮೂರನ್ನೂ ತೆಗೆದುಕೊಂಡು ಆಮೇಲೆ ನೋಡೋಣ ಎನ್ನುವುದು ಓದನ್ನು ಮುಂದೂಡುವುದೇ ಆಗಿದೆ.

ಪಟ್ಟಿಯೊಡನೆ ಅಂಗಳದ ನಕ್ಷೆಯೊಂದನ್ನು ಬರೆದು, ಪಾತ್ರಗಳಿಬ್ಬರನ್ನು ಒಂದು ಕಲ್ಪಿತ ಗೆರೆಯಿಂದ ಜೋಡಿಸಬೇಕು. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿರಬೇಕು. ಗೆರೆ ದಾಟಿದರೆ ಬಲಕ್ಕೆ ನೋಡುತ್ತಿದ್ದ ಮಗಳು ಮುಂದಿನ ಶಾಟ್‌ನಲ್ಲಿ ಎಡಕ್ಕೆ ನೋಡುವಂತೆ ತೋರಿ, ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದಂತಾಗುತ್ತದೆ. ರಂಗದಲ್ಲಿ ಪ್ರೇಕ್ಷಕ ಎಂದೂ ಹಿಂಪರದೆಯ ಕಡೆಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಈ ಸಮಸ್ಯೆಯೇ ಹುಟ್ಟದು.

4. ಬೆಳಕು, ಶಬ್ದ, ಕ್ರಮ

ಬೆಳಗಿನ ಓರೆ ಬಿಸಿಲು ಮುಖಕ್ಕೆ ಒಪ್ಪುತ್ತದೆ. ನಡುಹಗಲಿನಲ್ಲಿ ಕಣ್ಣಿನ ಗುಳಿಗಳಲ್ಲಿ ನೆರಳು ಕೂರುತ್ತದೆ. ದೀಪಗಳಿಲ್ಲದಿದ್ದರೆ ಬಿಳಿಯ ಥರ್ಮಾಕೋಲ್ ಹಲಗೆಯಿಂದ ಬಿಸಿಲನ್ನು ಮುಖಕ್ಕೆ ತಿರುಗಿಸಬಹುದು. ಇದನ್ನು ಬಡವರ ಉಪಾಯವೆಂದು ಕೀಳಾಗಿ ಕಾಣಬೇಕಾಗಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು ‘ಕಾಗಜ್ ಕೇ ಫೂಲ್’ (1959) ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಮೂಡಿಸಿದ್ದು ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿಯೇ.

ವಿದ್ಯಾರ್ಥಿ ಚಿತ್ರಗಳಲ್ಲಿ ಬೆಳಕಿಗಿಂತ ಹೆಚ್ಚಾಗಿ ಕೆಡುವುದು ಶಬ್ದ. ದೂರದ ಕ್ಯಾಮೆರಾದ ಮೈಕು ಮಾತಿಗಿಂತ ಗಾಳಿಯನ್ನೇ ಹೆಚ್ಚಾಗಿ ಹಿಡಿಯುತ್ತದೆ. ಎರಡನೆಯ ಮೊಬೈಲೊಂದನ್ನು ನಟರ ಬಳಿ, ಚೌಕಟ್ಟಿನ ಹೊರಗೆ ಇಟ್ಟು ಧ್ವನಿ ಮುದ್ರಿಸಿಕೊಳ್ಳಬೇಕು. ಎರಡನ್ನೂ ಹೊಂದಿಸಲು ಪ್ರತಿ ಶಾಟ್‌ನ ಆರಂಭದಲ್ಲಿ ಒಂದು ಚಪ್ಪಾಳೆ ಸಾಕು. ಯಾರೂ ಮಾತನಾಡದೆ ಅಂಗಳದ ಮೌನವನ್ನೂ ಅರ್ಧ ನಿಮಿಷ ಮುದ್ರಿಸಿಕೊಂಡರೆ ಸಂಕಲನದಲ್ಲಿ ಶಾಟ್‌ಗಳ ನಡುವಣ ಬಿರುಕು ಮುಚ್ಚುತ್ತದೆ.

ಚಿತ್ರೀಕರಣವು ಕಥೆಯ ಕ್ರಮದಲ್ಲಿ ನಡೆಯಬೇಕಾಗಿಲ್ಲ. ದೂರದ ಶಾಟ್ ಮೊದಲು, ಅನಂತರ ಒಂದು ಪಕ್ಕದ ಎಲ್ಲ ಶಾಟ್‌ಗಳು, ಬಳಿಕ ಮತ್ತೊಂದು ಪಕ್ಕದವು. ಹೀಗಾದಾಗ ಸಾತತ್ಯದ ಲೆಕ್ಕ ಬರೆದಿಡಲು ಒಬ್ಬ ವಿದ್ಯಾರ್ಥಿ ಬೇಕೇ ಬೇಕು. ಮಗಳು ಮಾತನಾಡುವಾಗ ಸುಲಿದ ಕಾಯಿಗಳು ಹತ್ತಿದ್ದು, ತಂದೆಯ ಮುಖದ ಶಾಟ್‌ನ ಹಿನ್ನೆಲೆಯಲ್ಲಿ ಐದಾದರೆ ಪ್ರೇಕ್ಷಕನ ನಂಬಿಕೆ ಅಲ್ಲೇ ಮುರಿಯುತ್ತದೆ. ಮನೆಯವರ ಒಪ್ಪಿಗೆಯನ್ನು ಮೊದಲೇ ಪಡೆಯುವುದೂ, ಅವರ ಕೆಲಸದ ಹೊತ್ತನ್ನು ಕೆಡಿಸದಿರುವುದೂ ಯೋಜನೆಯ ಭಾಗವೇ.

5. ಸಮಾರೋಪ

ಗಿರೀಶ್ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತೆಗೆದ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಅನಂತರ, 1977ರಲ್ಲಿ, ಯು.ಆರ್. ಅನಂತಮೂರ್ತಿಯವರ ಕತೆಯನ್ನಾಧರಿಸಿದ ‘ಘಟಶ್ರಾದ್ಧ’ ಬಂದಿತು. ಕಿರಿದರಲ್ಲಿ ಮಾಡಿದ ಅಭ್ಯಾಸ ಹಿರಿದಾದ ಸಾಹಿತ್ಯಕೃತಿಯ ಓದಿಗೆ ಸಿದ್ಧತೆಯಾಗಬಲ್ಲದೆಂಬುದನ್ನು ಇಲ್ಲಿ ಗಮನಿಸಬಹುದು. ನಮ್ಮ ವಿದ್ಯಾರ್ಥಿಗಳೆಲ್ಲ ನಿರ್ದೇಶಕರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಕೊನೆಯ ಶಾಟ್‌ನಲ್ಲಿ ಯಾರ ಮುಖವಿರಬೇಕೆಂದು ವಾದಿಸಿದ ವಿದ್ಯಾರ್ಥಿ, ಮುಂದೆ ಕತೆಯೊಂದನ್ನು ಓದುವಾಗ ಅದು ಯಾರ ಕಣ್ಣಿನಿಂದ ಹೇಳಲ್ಪಟ್ಟಿದೆ ಎಂಬ ಪ್ರಶ್ನೆಯನ್ನು ತಾನಾಗಿಯೇ ಕೇಳುತ್ತಾನೆ. ಕನ್ನಡ ವಿಭಾಗಕ್ಕೆ ಈ ಅಭ್ಯಾಸದಿಂದ ದೊರೆಯುವ ನಿಜವಾದ ಲಾಭ ಇದೇ.