ಕಾಗದದ ಮೆತ್ತನೆಯ ನಿಪ್ಪಟ್ಟು



ಶಾಲೆಗೆ ರಜೆ ಬಂತೆಂದರೆ ಮಕ್ಕಳ ಕೈ ಸುಮ್ಮನಿರುವುದಿಲ್ಲ. ಈಗ ಅವರು ಮೊಬೈಲಿನಲ್ಲಿ ನೋಡಿ ಕಲಿತ ಆಟವೊಂದಿದೆ. ಹಾಳೆಯ ಮೇಲೆ ಬನ್ನು, ಬಿಸ್ಕತ್ತು ಮುಂತಾದ ತಿಂಡಿಗಳ ಚಿತ್ರ ಬರೆಯುತ್ತಾರೆ. ಒಂದೇ ಆಕಾರದ ಎರಡು ತುಂಡು ಕತ್ತರಿಸಿ, ಮೇಲೆಲ್ಲ ಟೇಪು ಅಂಟಿಸಿ, ಒಳಗೆ ಹರಿದ ಪ್ಲಾಸ್ಟಿಕ್ ಚೀಲ ತುರುಕಿ ಅಂಚು ಮುಚ್ಚುತ್ತಾರೆ. ಹಿಚುಕಿದರೆ ಕುಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಉಬ್ಬುತ್ತದೆ. ಇದಕ್ಕೆ ಅವರು 'ಸ್ಕ್ವಿಶಿ' ಎನ್ನುತ್ತಾರೆ.

ಆಟವನ್ನು ಬೇಡವೆನ್ನಲು ಕಾರಣವಿಲ್ಲ. ಅಂಗಡಿಯಲ್ಲಿ ಸಿಗುವ ಫೋಮಿನ ಸ್ಕ್ವಿಶಿಗಿಂತ ಇದು ಮೇಲು. 2018ರಲ್ಲಿ ಡೆನ್ಮಾರ್ಕ್ ದೇಶದ ಪರಿಸರ ಇಲಾಖೆಯು ಅಂಥ 12 ಆಟಿಕೆಗಳನ್ನು ಪರೀಕ್ಷಿಸಿ, ಎಲ್ಲದರಿಂದಲೂ ಹಾನಿಕರ ರಾಸಾಯನಿಕಗಳ ಆವಿ ಬರುತ್ತದೆಂದು ಕಂಡಿತು. ಆದರೆ ದನ ಕಟ್ಟುವ ಮನೆಗೆ ಟೇಪು, ಪ್ಲಾಸ್ಟಿಕ್ಕಿನ ಆಟಿಕೆಯೂ ಹೊಂದುವುದಿಲ್ಲ. ಹಳೆಯದಾದೊಡನೆ ಅದು ತಿಪ್ಪೆಗೆ ಬೀಳುತ್ತದೆ, ಅಲ್ಲಿಂದ ಹಸುವಿನ ಬಾಯಿಗೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ. ಉಂಡೆಗಟ್ಟಿ ಅಲ್ಲೇ ಉಳಿದು ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ. ಕೊನೆಗೆ ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯಬೇಕಾದೀತು.

ಆದುದರಿಂದ ಟೇಪಿಲ್ಲದೆ ಮಾಡುವ ಕ್ರಮವನ್ನು ಇಲ್ಲಿ ತಿಳಿಸುತ್ತೇನೆ. ಮೊದಲಿಗೆ ನಿಪ್ಪಟ್ಟೇ ಸುಲಭ; ಚಕ್ಕುಲಿಯ ಗೊಡವೆ ಬೇಡ. ಪುಸ್ತಕಕ್ಕೆ ಬೈಂಡು ಹಾಕುವ ಖಾಕಿ ಕಾಗದ ತೆಗೆದುಕೊಳ್ಳಿ. ಅದರ ಬಣ್ಣವೇ ನಿಪ್ಪಟ್ಟಿನದು. ಮಿರುಗುವ ಪ್ಲಾಸ್ಟಿಕ್ ಲೇಪವಿರುವುದು ಬೇಡ. ಸಿಮೆಂಟ್ ಚೀಲದ ಕಾಗದ, ಔಷಧಿ ಅಥವಾ ಗೊಬ್ಬರ ಬಂದ ಪೆಟ್ಟಿಗೆಯ ರಟ್ಟು ಎಂದಿಗೂ ಕೂಡದು. 12 ಸೆಂಟಿಮೀಟರ್ ಅಗಲದ ಎರಡು ಬಿಲ್ಲೆ ಕತ್ತರಿಸಿ, ಒಂದೊಂದನ್ನೂ ಹತ್ತು ಹದಿನೈದು ಸಲ ಮುದುರಿ ಬಿಡಿಸಿ. ಹೀಗೆ ಮಾಡಿದರೆ ಕಾಗದದ ಬಿಗಿ ಹೋಗಿ ಬಟ್ಟೆಯಂತೆ ಬಾಗುತ್ತದೆ. ಬಳಿಕ ಒಳಮೈಗೆ ಹಳೆಯ ಪಂಚೆಯ ತೆಳು ಬಟ್ಟೆಯನ್ನು ಅಂಟಿಸಿ ನೆರಳಲ್ಲಿ ಒಣಗಿಸಿ. ಟೇಪಿನ ಕೆಲಸವನ್ನು ಈ ಬಟ್ಟೆಯೇ ಮಾಡುತ್ತದೆ.

ಅಂಟಿಗೆ ಎರಡು ಚಮಚ ಮೈದಾ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಗಂಜಿಯಂತೆ ಕಾಯಿಸಿ ಆರಿಸಿದರಾಯಿತು. ಇಲ್ಲಿ ಒಂದು ಎಚ್ಚರಿಕೆ. ಹುಳ ಬೀಳದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ರೂಢಿಯುಂಟು. ದ್ರಾಕ್ಷಿ ಬೆಳೆಯುವ ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆಂದು ಅದು ಕೈಗೆ ಸಿಗುವಂತೆಯೇ ಇರುತ್ತದೆ. ಅದು ವಿಷ. ತಿಂಡಿಯ ರೂಪದ ಆಟಿಕೆ ಮಕ್ಕಳ ಬಾಯಿಗೆ ಹೋಗುವುದು ಖಂಡಿತ. ಮೈಲುತುತ್ತದ ಡಬ್ಬಿಯನ್ನು ಆ ಕಡೆಗೇ ತರಬೇಡಿ. ಅಂಟು ಹುಳಿ ಬಂದರೆ ಚೆಲ್ಲಿ ಹೊಸದು ಕಾಯಿಸಿ, ಎಷ್ಟು ಹಿಟ್ಟು ಹೋದೀತು!

ಒಳಗೆ ತುಂಬಲು ಬೂರುಗದ ಹತ್ತಿ ಉತ್ತಮ. ದೊಡ್ಡಬಳ್ಳಾಪುರದ ಕಡೆಯವರಿಗೆ ಮಗ್ಗದ ಮನೆಯ ದಾರದ ಚೂರು ಸಿಗಬಹುದು. ಆದರೆ ಅದರಲ್ಲಿ ಪಾಲಿಯೆಸ್ಟರ್ ಬೆರೆತಿರಬಹುದು, ಅದೂ ಪ್ಲಾಸ್ಟಿಕ್ಕೇ. ದೊಡ್ಡವರೊಬ್ಬರು ಒಂದೆಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಲಿ. ಹತ್ತಿಯು ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆಯು ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾದುದನ್ನು ಬಿಡಿ.

ಎರಡು ಬಿಲ್ಲೆಗಳನ್ನು ಜೋಡಿಸಿ, ಅಂಚಿನ ಸುತ್ತ ಬಟ್ಟೆಯ ಪಟ್ಟಿ ಅಂಟಿಸಿ, ಎರಡು ಬೆರಳಗಲ ತೆರೆದಿಟ್ಟು ಒಂದು ರಾತ್ರಿ ಒಣಗಿಸಿ. ಮರುದಿನ ಹತ್ತಿಯನ್ನು ಸಡಿಲವಾಗಿ ತುಂಬಿ ಮುಚ್ಚಿ. ಬಿಗಿಯಾಗಿ ತುಂಬಿದರೆ ಹಿಚುಕಲಾಗದು. ಅಂಚಿನಲ್ಲಿ ಸೂಜಿಯಿಂದ ಮೂರು ತೂತು ಮಾಡಿ. ಗಾಳಿಗೆ ದಾರಿಯಿಲ್ಲದಿದ್ದರೆ ಹಿಚುಕಿದೊಡನೆ ಅಂಚು ಬಿಡುತ್ತದೆ. ತೂತು ಸಣ್ಣದಾದಷ್ಟೂ ಉಬ್ಬುವುದು ನಿಧಾನ, ಮಕ್ಕಳಿಗೆ ಬೇಕಾದುದೂ ಅದೇ. ಎಳ್ಳು, ಕರಿಬೇವಿನ ಚುಕ್ಕೆಗಳನ್ನು ಅವರೇ ಬರೆದುಕೊಳ್ಳಲಿ. ಪರಿಮಳಕ್ಕೆಂದು ಏಲಕ್ಕಿ, ಬೆಲ್ಲ ಸವರುವುದು ಬೇಡ.

ನಿಜವಾದ ನಿಪ್ಪಟ್ಟಿಗಿಂತ ಇದು ದೊಡ್ಡದಿರಬೇಕು, ಮೇಲೆ ಕಣ್ಣು ಬಾಯಿ ಬರೆದಿರಬೇಕು. ಮಗುವಿಗೆ ಇದು ತಿಂಡಿಯಲ್ಲವೆಂದು ತಿಳಿಯುವುದು ಹೀಗೆ. ಯುರೋಪಿನ ದೇಶಗಳು 1987ರಲ್ಲಿಯೇ ತಿನಿಸೆಂದು ಭ್ರಮೆ ಹುಟ್ಟಿಸಿ ಅಪಾಯ ತರುವ ವಸ್ತುಗಳ ಮಾರಾಟವನ್ನು ನಿಷೇಧಿಸಿದವು. ಆಟಿಕೆ ಪರೀಕ್ಷಿಸುವವರು ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಹಿಡಿಸುವ ತುಂಡು ಎಳೆಯ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲದು. ಮೂರು ವರ್ಷದೊಳಗಿನ ಮಗುವಿನ ಕೈಗೆ ಇದನ್ನು ಕೊಡಲೇಬೇಡಿ. ಅಂಚು ಬಿಟ್ಟು ಹತ್ತಿ ಕಂಡರೆ ಆಗಲೇ ತೆಗೆದಿಡಿ.

ಘಾಟಿ ಜಾತ್ರೆಯಲ್ಲಿ ಮಾರಬಹುದೇ ಎಂದು ನಮ್ಮ ಸ್ವಸಹಾಯ ಸಂಘದ ತಾಯಂದಿರು ಕೇಳಬಹುದು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ನೋಂದಾಯಿತ ಕರಕುಶಲಕರ್ಮಿಗಳ ವಸ್ತುಗಳಿಗೆ ವಿನಾಯಿತಿಯುಂಟು. ವಿಚಾರಿಸದೆ ಮಾರಾಟಕ್ಕೆ ಇಳಿಯಬೇಡಿ.

ಟೇಪಿನಷ್ಟು ಇದು ಬಾಳುವುದಿಲ್ಲ, ಒದ್ದೆಯಾದರೆ ಕೆಟ್ಟಿತು. ಹರಿದ ಮೇಲೆ ಹತ್ತಿಯನ್ನು ಮುಂದಿನದಕ್ಕೆ ಉಳಿಸಿಕೊಂಡು ಕಾಗದ, ಬಟ್ಟೆಯನ್ನು ತಿಪ್ಪೆಗೆ ಹಾಕಿ, ಗೊಬ್ಬರದೊಡನೆ ಕೊಳೆಯುತ್ತದೆ. ಈಗಾಗಲೇ ಮನೆಯಲ್ಲಿರುವ ಟೇಪಿನ ಬನ್ನು, ಬಿಸ್ಕತ್ತುಗಳನ್ನು ಪಂಚಾಯತಿಯ ಒಣ ಕಸದ ಗಾಡಿಗೆ ಕೊಡಿರಿ.