ರೇಡಿಯೇಟರ್ ಫ್ಯಾನ್ ತಿರುಗದಿದ್ದಾಗ: ಮೊದಲು ಪರೀಕ್ಷೆ, ಅನಂತರ ಖರೀದಿ

ಸಣ್ಣ ಕೈಗಾರಿಕೋದ್ಯಮಿಯೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ ಒಂದೇ ಮೋಟಾರ್ ಸೈಕಲ್ಲಿನ ಮೂರು ದುರಸ್ತಿ ಬಿಲ್ಲುಗಳು ನನ್ನ ಕಣ್ಣಿಗೆ ಬಿದ್ದವು. ಮೊದಲನೆಯದು ಕೂಲೆಂಟ್ ಬದಲಾವಣೆಗೆ, ಎರಡನೆಯದು ಹೊಸ ರೇಡಿಯೇಟರ್ ಫ್ಯಾನಿಗೆ, ಮೂರನೆಯದು ಒಂದು ರಿಲೇಗೆ. ದೋಷವಿದ್ದುದು ರಿಲೇಯಲ್ಲಿ ಮಾತ್ರ. ಬಿಚ್ಚಿಟ್ಟಿದ್ದ ಹಳೆಯ ಫ್ಯಾನನ್ನು ಬ್ಯಾಟರಿಗೆ ಜೋಡಿಸಿ ನೋಡಿದಾಗ ಅದು ಚೆನ್ನಾಗಿಯೇ ತಿರುಗಿತು! ಲೆಕ್ಕಪರಿಶೋಧಕನಿಗೆ ಮೆಕ್ಯಾನಿಕ್ಕನ ಕೆಲಸವೇಕೆಂದು ಓದುಗರು ಕೇಳಬಹುದು. ಅನಗತ್ಯ ವೆಚ್ಚ ಎಲ್ಲಿ ಹುಟ್ಟುತ್ತದೆಂದು ಹುಡುಕುವುದು ನಮ್ಮ ಕಸುಬೇ ಆಗಿದೆ.

ಗಾಳಿಯಿಂದಲೇ ತಣಿಯುವ ಎಂಜಿನ್ನುಗಳು ರೂಢಿಯಲ್ಲಿದ್ದ ನಮ್ಮ ಮಾರುಕಟ್ಟೆಗೆ 2008ರಲ್ಲಿ ಯಮಹಾ ಆರ್15 ಹಾಗೂ 2012ರಲ್ಲಿ ಪಲ್ಸರ್ 200 ಎನ್‌ಎಸ್ ಬಂದ ಮೇಲೆ ರೇಡಿಯೇಟರ್ ಉಳ್ಳ ಬೈಕುಗಳು ಸಾಮಾನ್ಯವಾದವು. ವಾಹನ ಚಲಿಸುತ್ತಿರುವಾಗ ಎದುರುಗಾಳಿಯೇ ಕೂಲೆಂಟನ್ನು ತಣಿಸುತ್ತದೆ. ಫ್ಯಾನಿನ ಅಗತ್ಯ ಬೀಳುವುದು ಸಿಗ್ನಲ್ಲಿನಲ್ಲಿ ನಿಂತಾಗ ಅಥವಾ ದಟ್ಟಣೆಯಲ್ಲಿ ನಿಧಾನವಾಗಿ ಸಾಗುವಾಗ. ಬಹುತೇಕ ಮಾದರಿಗಳಲ್ಲಿ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ. ಆದ್ದರಿಂದ ಮುಂಜಾನೆ ಎಂಜಿನ್ ಚಾಲೂ ಮಾಡಿ ಐದು ನಿಮಿಷವಾದರೂ ಫ್ಯಾನ್ ತಿರುಗಲಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ. ಉಷ್ಣತೆಯ ಎಚ್ಚರಿಕೆ ದೀಪ ಹೊತ್ತಿಯೂ ಫ್ಯಾನ್ ಸುಮ್ಮನಿದ್ದರೆ ಮಾತ್ರ ತಕ್ಷಣ ಎಂಜಿನ್ ನಿಲ್ಲಿಸತಕ್ಕದ್ದು. ಹಾಗೆಯೇ ಓಡಿಸಿದಲ್ಲಿ ಹೆಡ್ ಗ್ಯಾಸ್ಕೆಟ್ ಸುಟ್ಟು, ಪಿಸ್ಟನ್ ಹಿಡಿದುಕೊಂಡು, ಖರ್ಚು ಸಾವಿರಗಳಿಗೆ ಏರುತ್ತದೆ.

ಎಂಜಿನ್ ಪೂರ್ತಿ ಆರಿದ ಮೇಲೆ ಮೊದಲು ಕೂಲೆಂಟಿನ ಮಟ್ಟವನ್ನು ನೋಡಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಕೈ, ಮುಖ ಸುಡುತ್ತದೆ. ದ್ರವ ಕಡಿಮೆಯಾಗಿ ಸೆನ್ಸಾರಿನ ಸುತ್ತ ಗಾಳಿ ತುಂಬಿದ್ದರೆ ಅದಕ್ಕೆ ನಿಜವಾದ ಉಷ್ಣತೆ ತಿಳಿಯದೆ ಫ್ಯಾನಿಗೆ ಆದೇಶವೇ ಹೋಗದಿರಬಹುದು.

ಮಟ್ಟ ಸರಿಯಿದ್ದರೆ ಮುಂದಿನ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯವಾದುದು. ಫ್ಯಾನಿನ ಕನೆಕ್ಟರನ್ನು ಬಿಡಿಸಿ, ಫ್ಯೂಸ್ ಅಳವಡಿಸಿದ ಎರಡು ತಂತಿಗಳ ಮೂಲಕ 12 ವೋಲ್ಟ್ ಬ್ಯಾಟರಿಯಿಂದ ಅದಕ್ಕೆ ನೇರವಾಗಿ ವಿದ್ಯುತ್ ಕೊಡಬೇಕು. ಧನ, ಋಣ ಅದಲುಬದಲಾಗಬಾರದು, ಬೆರಳು ರೆಕ್ಕೆಯಿಂದ ದೂರವಿರಬೇಕು. ತಿರುಗದಿದ್ದರೆ ದೋಷ ಫ್ಯಾನಿನಲ್ಲಿಯೇ ಇದೆ. ತಿರುಗಿದರೆ ಹೊಸ ಫ್ಯಾನ್ ಕೊಳ್ಳುವ ಪ್ರಶ್ನೆಯೇ ಉದ್ಭವಿಸದು. ಶೋಧನೆ ಫ್ಯೂಸ್, ರಿಲೇ, ವೈರಿಂಗ್ ಮತ್ತು ಸೆನ್ಸಾರಿಗೆ ಸೀಮಿತವಾಗುತ್ತದೆ. ನಮ್ಮ ಉದ್ಯಮಿಯ ಪ್ರಕರಣದಲ್ಲಿ ಈ ಎರಡು ನಿಮಿಷದ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನ ಮತ್ತೊಂದನ್ನು ಹಾಕಬೇಕು. ಅದೂ ಸುಟ್ಟರೆ ಹೆಚ್ಚಿನ ಆಂಪಿಯರಿನದನ್ನೋ ತಂತಿಯ ತುಂಡನ್ನೋ ತುರುಕುವ ನಮ್ಮವರ ಅಭ್ಯಾಸ ಅತ್ಯಂತ ಅಪಾಯಕಾರಿ. ಕೆಸರು ಕಟ್ಟಿ ಬಿಗಿದ ಮೋಟಾರು ಅಥವಾ ಎಲ್ಲೋ ಉಜ್ಜಿ ಬೆತ್ತಲಾದ ತಂತಿ ಹೆಚ್ಚು ಕರೆಂಟ್ ಎಳೆಯುತ್ತಿದೆಯೆಂದು ಫ್ಯೂಸ್ ತಿಳಿಸುತ್ತಿರುತ್ತದೆ. ಅದರ ಬಾಯಿ ಮುಚ್ಚಿಸಿದರೆ ವೈರಿಂಗೇ ಹೊತ್ತಿಕೊಂಡೀತು.

ರಿಲೇ ಪರೀಕ್ಷೆ ಸುಲಭ: ಅದೇ ಸಂಖ್ಯೆಯ ಮತ್ತೊಂದು ರಿಲೇ ಬೈಕಿನಲ್ಲಿದ್ದರೆ ಅದಲುಬದಲು ಮಾಡಿ ನೋಡಬಹುದು. ಒತ್ತಡದ ನೀರಿನಿಂದ ತೊಳೆದ ಮೇಲೆ ತೊಂದರೆ ಶುರುವಾಗಿದ್ದರೆ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ, ಅರ್ತ್ ತಂತಿ ಸಡಿಲವಾಗಿದೆಯೇ ಎಂದು ಗಮನಿಸಬೇಕು. ಸೆನ್ಸಾರಿನ ಎರಡು ತಂತಿಗಳನ್ನು ಕೂಡಿಸಿ ನೋಡುವ ಹಳೆಯ ಉಪಾಯ ಉಷ್ಣತೆಗೆ ಸ್ವಿಚ್ ಇರುವ ಮಾದರಿಗಳಿಗೆ ಮಾತ್ರ ಸಲ್ಲುತ್ತದೆ. ಇಸಿಯು ನಿಯಂತ್ರಿಸುವ ಬೈಕುಗಳಲ್ಲಿ ಇದನ್ನು ಮಾಡದೆ ಅಧಿಕೃತ ಸರ್ವೀಸ್ ಕೇಂದ್ರದ ರೋಗನಿದಾನ ಉಪಕರಣಕ್ಕೆ ಒಪ್ಪಿಸುವುದು ಲೇಸು.

ಇನ್ನು ತೆರಿಗೆಯ ಮಾತು. ಸಂಸ್ಥೆಯ ಕೆಲಸಕ್ಕೆ ಬಳಸುವ ಬೈಕಿನ ಇಂಥ ದುರಸ್ತಿ ರಾಜಸ್ವ ವೆಚ್ಚವೆಂದು ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಆದರೆ ಕೇಂದ್ರ ಜಿಎಸ್‌ಟಿ ಕಾಯಿದೆ, 2017ರ ಕಲಂ 17(5)ರನ್ವಯ, ಜನರ ಓಡಾಟಕ್ಕೆ ಬಳಸುವ ಬೈಕಿನ ದುರಸ್ತಿಗೆ ತೆತ್ತ ಜಿಎಸ್‌ಟಿಯ ಮೇಲೆ ಸಾಮಾನ್ಯ ವರ್ತಕನಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ವಾಹನ ಮಾರಾಟವೇ ಮೊದಲಾದ ಕೆಲವು ವ್ಯವಹಾರಗಳಿಗಷ್ಟೇ ವಿನಾಯಿತಿ. ಅಂದರೆ ಅನಗತ್ಯವಾಗಿ ಕೊಂಡ ಫ್ಯಾನಿನ ಬೆಲೆಯ ಜೊತೆಗೆ ಅದರ ತೆರಿಗೆಯೂ ಕೈಬಿಟ್ಟಂತೆಯೇ. ಬಿಡಿಭಾಗ ಬದಲಾಯಿಸಿದಾಗ ಹಳೆಯದನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ವಾಹನದ ನೋಂದಣಿ ಸಂಖ್ಯೆಯನ್ನೂ ಬರೆಯಿಸಿ. ನಮ್ಮ ಉದ್ಯಮಿಯ ಹಳೆಯ ಫ್ಯಾನ್ ಈಗ ಅವರ ಉಗ್ರಾಣದಲ್ಲಿ ಬಿಡಿಭಾಗವಾಗಿ ಕುಳಿತಿದೆ.