ತೆರಿಗೆಯ ಪತ್ರದಲ್ಲಿ ಆರೋಗ್ಯದ ಕಲಮು

ವರ್ಷದ ಸಂಪಾದನೆಯೆಷ್ಟೆಂದು ವಿಚಾರಿಸುವುದು ಎಲ್ಲ ದೇಶಗಳ ಆದಾಯ ತೆರಿಗೆಯ ಇಲಾಖೆಗಳಿಗೂ ಸಹಜವಾದ ಧರ್ಮ. ಆದರೆ, ಕಳೆದ ವರ್ಷ ಆರೋಗ್ಯವಿಮೆ ಇದ್ದಿತೇ, ಎಷ್ಟು ತಿಂಗಳು ಇದ್ದಿತು, ಅದನ್ನು ಕೊಟ್ಟವರು ಯಾರು ಎಂದು ಕೇಳುವ ಇಲಾಖೆಯೂ ಉಂಟು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ತೆರಿಗೆಯ ವಿವರಪತ್ರದೊಡನೆ ‘ಶೆಡ್ಯೂಲ್ ಎಚ್‌ಸಿ’ ಎಂಬ ಹಾಳೆಯೊಂದು ಸೇರಿರುತ್ತದೆ. ಬಾಸ್ಟನ್ನಿನ ಸುತ್ತ ನೆಲಸಿರುವ ಕನ್ನಡ ಕುಟುಂಬಗಳಿಗೂ ಇದು ಪರಿಚಿತವೇ.

ಈ ಪದ್ಧತಿಗೆ ಮೂಲ 2006ರ ಏಪ್ರಿಲ್ 12ರಂದು ಬಾಸ್ಟನ್ನಿನ ಫ್ಯಾನ್ಯುಯಿಲ್ ಹಾಲಿನಲ್ಲಿ ರಾಜ್ಯಪಾಲ ಮಿಟ್ ರಾಮ್ನಿಯವರು ಸಹಿಮಾಡಿದ ಕಾಯಿದೆ. ವಯಸ್ಕರೆಲ್ಲರೂ ವಿಮೆ ಹೊಂದಿರಬೇಕು. ಕೊಳ್ಳಲಾರದ ಬಡವರಿಗೆ ಸರಕಾರವೇ ನೆರವಾಗಬೇಕು. ಶಕ್ತಿಯಿದ್ದೂ ಕೊಳ್ಳದವರು ದಂಡ ತೆರಬೇಕು. 2010ರಲ್ಲಿ ಅಧ್ಯಕ್ಷ ಒಬಾಮರು ತಂದ ಕಾಯಿದೆ ಇದೇ ಚೌಕಟ್ಟನ್ನು ರಾಷ್ಟ್ರಕ್ಕೆಲ್ಲ ವಿಸ್ತರಿಸಿತು. 2017ರ ಡಿಸೆಂಬರಿನ ಶಾಸನದಿಂದ ರಾಷ್ಟ್ರೀಯ ದಂಡವು 2019ರ ವರ್ಷದಿಂದ ಸೊನ್ನೆಗೆ ಇಳಿಯಿತು. ಮ್ಯಾಸಚೂಸೆಟ್ಸ್ ಮಾತ್ರ ತನ್ನ ದಂಡವನ್ನು ಕೈಬಿಡಲಿಲ್ಲ. ನ್ಯೂಜರ್ಸಿ, ಕ್ಯಾಲಿಫೋರ್ನಿಯ, ರೋಡ್ ಐಲೆಂಡ್ ಸಂಸ್ಥಾನಗಳೂ ಆಮೇಲೆ ಇದೇ ಹಾದಿ ಹಿಡಿದವು.

ಸಂಸ್ಥಾನದ ಅಗ್ಗದ ವಿಮೆಯಲ್ಲಿ ಮುಖ್ಯವಾಗಿ ಎರಡು ಬಗೆ. ತೀರ ಕಡಮೆ ಆದಾಯದವರಿಗೆ ‘ಮಾಸ್‌ಹೆಲ್ತ್’. ಅವರಿಗಿಂತ ತುಸು ಮೇಲಿನವರಿಗೆ ‘ಕನೆಕ್ಟರ್‌ಕೇರ್’. ಎರಡರಲ್ಲಿಯೂ ಸರಕಾರದ ಹಣವಿದೆ. ಪಡೆಯುವವರ ಕಣ್ಣಿಗೆ ಎರಡೂ ಸರಕಾರದ ವಿಮೆಯೇ. ತೆರಿಗೆಯ ಹಾಳೆಯಾದರೋ ಹಾಗೆ ಭಾವಿಸುವುದಿಲ್ಲ. ಮಾಸ್‌ಹೆಲ್ತ್‌ಗೆ ಅಲ್ಲಿ ಪ್ರತ್ಯೇಕವಾದ ವೃತ್ತವೊಂದುಂಟು. ಕನೆಕ್ಟರ್‌ಕೇರ್ ಖಾಸಗಿ ವಿಮೆಯ ಸಾಲಿಗೆ ಸೇರುತ್ತದೆ. ಜನರು ಎಡವುವುದು ಇಲ್ಲಿಯೇ.

ಹೋಟೆಲೊಂದರಲ್ಲಿ ಕೋಣೆಗಳನ್ನು ಚೊಕ್ಕಟಗೊಳಿಸುವ ಹೆಂಗಸೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಚಳಿಗಾಲದಲ್ಲಿ ಕೆಲಸ ಕಡಮೆ; ಮೇ ತಿಂಗಳವರೆಗೆ ಆಕೆಗೆ ಮಾಸ್‌ಹೆಲ್ತ್ ಇದ್ದಿತು. ಬೇಸಗೆಯಲ್ಲಿ ಪ್ರವಾಸಿಗಳು ಬಂದರು, ಸಂಬಳ ಏರಿತು, ಮಾಸ್‌ಹೆಲ್ತ್ ನಿಂತಿತು, ಜೂನಿನಿಂದ ಕನೆಕ್ಟರ್‌ಕೇರ್. ಮರುವರ್ಷ ಏಪ್ರಿಲಿನೊಳಗೆ ಆಕೆ ಎರಡು ವೃತ್ತಗಳನ್ನೂ ತುಂಬಬೇಕು. ಖಾಸಗಿಯ ಸಾಲಿಗೆ ಬೇಕಾದ ವಿಮೆಗಾರರ ಹೆಸರು, ಸದಸ್ಯ ಸಂಖ್ಯೆಗಳು ‘1099-ಎಚ್‌ಸಿ’ ಎಂಬ ಕಾಗದದಲ್ಲಿ ಸಿಗುತ್ತವೆ. ತಿಂಗಳಲ್ಲಿ ಹದಿನೈದು ದಿನ ವಿಮೆಯಿದ್ದರೂ ಸಂಸ್ಥಾನದ ಲೆಕ್ಕಕ್ಕೆ ಅದು ಪೂರ್ಣ ತಿಂಗಳು. ನಡುವೆ ಸತತವಾಗಿ ಮೂರು ತಿಂಗಳವರೆಗೆ ತೆರವು ಬಿದ್ದರೆ ದಂಡವಿಲ್ಲ.

ಕಷ್ಟವಿರುವುದು ಕೇಂದ್ರ ಸರಕಾರದ ತೆರಿಗೆಪತ್ರದಲ್ಲಿ. ಮಾಸ್‌ಹೆಲ್ತ್ ತಿಂಗಳುಗಳ ಬಗೆಗೆ ಅಲ್ಲಿ ಹೆಚ್ಚಿನ ತಗಾದೆಯಿಲ್ಲ. ಆ ನೆರವನ್ನು ಆದಾಯವೆಂದು ಎಣಿಸುವುದೂ ಇಲ್ಲ. ಕನೆಕ್ಟರ್‌ಕೇರ್ ತಿಂಗಳುಗಳಲ್ಲಿ ಆಕೆಯ ಪರವಾಗಿ ಕೇಂದ್ರದ ಸಹಾಯಧನ ವಿಮಾ ಕಂಪೆನಿಗೆ ಮುಂಗಡವಾಗಿ ಸಂದಿದ್ದರೆ, ‘1095-ಎ’ ಎಂಬ ಕಾಗದದಲ್ಲಿ ಅದು ತಿಂಗಳುವಾರಾಗಿ ನಮೂದಾಗಿರುತ್ತದೆ. ಆ ಅಂಕೆಗಳನ್ನು 8962ನೆಯ ನಮೂನೆಗೆ ಇಳಿಸಿ ನಿಜವಾದ ಆದಾಯದೊಡನೆ ತಾಳೆ ನೋಡಬೇಕು. ಮಾಸ್‌ಹೆಲ್ತ್ ಆಯಾ ತಿಂಗಳ ಸಂಪಾದನೆಯನ್ನು ನೋಡಿ ಕೊಡುವಂಥದು. ಈ ಸಹಾಯಧನವು ಇಡೀ ವರ್ಷದ ಸಂಪಾದನೆಯ ಅಂದಾಜಿನ ಮೇಲೆ ನಿಂತದ್ದು. ಶರತ್ಕಾಲದಲ್ಲಿ ಆಕೆ ಹೆಚ್ಚು ಗಂಟೆ ದುಡಿದು ಅಂದಾಜನ್ನು ಮೀರಿದರೆ, ಹೆಚ್ಚಾಗಿ ಸಂದ ಧನ ತೆರಿಗೆಯ ಬಾಕಿಗೆ ಸೇರುತ್ತದೆ. ಮನೆ ಬಾಡಿಗೆಗೆಂದು ಎದುರುನೋಡುತ್ತಿದ್ದ ಮರುಪಾವತಿಯೇ ಕರಗಿ ಹೋಗಬಹುದು. ಈ ನಮೂನೆಯನ್ನು ಬಿಟ್ಟರಂತೂ ಮರುಪಾವತಿ ತಡೆದು ನಿಲ್ಲುತ್ತದೆ. ಸಂಬಳ ಏರಿದೊಡನೆ ಕನೆಕ್ಟರ್ ಕಚೇರಿಗೆ ತಿಳಿಸಿ ಅಂದಾಜನ್ನು ತಿದ್ದಿಸಿದವರಿಗೆ ಈ ಪೆಟ್ಟು ಅಷ್ಟು ಬಲವಾಗಿ ತಾಗುವುದಿಲ್ಲ. ಹೆಚ್ಚು ದುಡಿದುದಕ್ಕೆ ಇದೆಂಥ ಬಹುಮಾನವೆಂದು ಆಕೆಗೆ ಅನ್ನಿಸಿದರೆ ತಪ್ಪೆನ್ನಲಾಗದು.

‘ಹೆಲ್ತ್ ಸೇಫ್ಟಿ ನೆಟ್’ ಎಂಬ ಇನ್ನೊಂದು ನೆರವುಂಟು. ವಿಮೆಯಿಲ್ಲದವರ ಆಸ್ಪತ್ರೆಯ ಖರ್ಚನ್ನು ಇದು ಭರಿಸುತ್ತದೆ. ಆಸ್ಪತ್ರೆಯಲ್ಲಿ ಬಿಲ್ಲು ಬಾರದಿದ್ದುದರಿಂದ ವಿಮೆಯಿದೆಯೆಂದೇ ನಂಬಿ ಅದನ್ನು ಬರೆಯುವವರುಂಟು. ಸಂಸ್ಥಾನ ಅದನ್ನು ವಿಮೆಯೆಂದು ಒಪ್ಪುವುದಿಲ್ಲ.

ದಂಡವು, ಆ ವ್ಯಕ್ತಿಗೆ ದೊರೆಯಬಹುದಾಗಿದ್ದ ಅತ್ಯಂತ ಅಗ್ಗದ ವಿಮೆಯ ಕಂತಿನ ಅರ್ಧವನ್ನು ಮೀರುವಂತಿಲ್ಲ. ಕೇಂದ್ರ ಸರಕಾರ ಗೊತ್ತುಮಾಡಿದ ಬಡತನದ ರೇಖೆಯ ಒಂದೂವರೆ ಪಟ್ಟಿನವರೆಗೆ ಆದಾಯವುಳ್ಳವರಿಗೆ ದಂಡವೇ ಇಲ್ಲ. ಉಳಿದವರಲ್ಲಿ ಮನೆ ಕಳೆದುಕೊಂಡವರು, ಬಾಡಿಗೆ ತೆರಲಾರದೆ ಹೊರಹಾಕುವ ನೋಟೀಸು ಪಡೆದವರು, ವಿದ್ಯುತ್ತು ಕಡಿತದ ಎಚ್ಚರಿಕೆ ಬಂದವರು ಅದೇ ಹಾಳೆಯಲ್ಲಿ ಮೇಲ್ಮನವಿಯ ವೃತ್ತವನ್ನು ತುಂಬಬಹುದು. ಅಂಥವರ ಅಹವಾಲನ್ನು ಕನೆಕ್ಟರ್ ಸಂಸ್ಥೆ ಕೇಳಿ ತೀರ್ಮಾನಿಸುತ್ತದೆ. ಆ ನೋಟೀಸುಗಳ ಪ್ರತಿಗಳನ್ನು ಮಾತ್ರ ತೆಗೆದಿರಿಸಿಕೊಂಡಿರಬೇಕು.